ಬೇಲಿಯಾಚೆಗೆ ಒಂದು ಬಟ್ಟಲು ಹುಗ್ಗಿ

"ಇಲ್ಲಿ ಬರೇ ಕಲ್ಲೈತ್ರಿ ಅಮ್ಮಾರ," ಎನ್ನುತ್ತ ಆದಪ್ಪ ಗುದ್ದಲಿ ಕೆಳಗಿಟ್ಟ. "ಬೇಲಿ ಕಡೀಗೆ ಮಣ್ಣು ಮೆತ್ತಗೈತಿ. ಗದ್ದೆಮ್ಮಗ ಗುಂಡಿ ಅಲ್ಲೇ ತೋಡ್ಲೇನ್ರಿ?"

"ಎಲ್ಲಾದರೂ ತೋಡು. ಬಿಸಿಲೇರುವ ಮೊದಲು ಮುಗಿಸು," ಎಂದರು ಮದರ್ ಆಗ್ನೆಸ್. ಮಂಗಳೂರಿನಿಂದ ಬಂದು ಇಪ್ಪತ್ತೆರಡು ವರ್ಷವಾಗಿದ್ದರೂ ಅವರ ಕನ್ನಡ ಪುಸ್ತಕ ಬಿಟ್ಟು ಕೆಳಗಿಳಿದಿರಲಿಲ್ಲ.

ಮಸ್ಕಿಯ ಹೊರಗಿನ ಆ ಕಾನ್ವೆಂಟಿಗೆ ಅಂದು, ಅಕ್ಟೋಬರ್ ಇಪ್ಪತ್ತಕ್ಕೆ, ಇಪ್ಪತ್ತೈದು ವರ್ಷ ತುಂಬಿತ್ತು. ತೋರಣ ಕಟ್ಟಿಯಾಗಿತ್ತು. ಲಿಂಗಸುಗೂರಿನ ತಹಸೀಲ್ದಾರರಿಗೂ ಕರೆ ಹೋಗಿತ್ತು. ಯುದ್ಧದ ಕಾಲ, ಸಕ್ಕರೆ ಸಿಗದೆ ಬೆಲ್ಲ ತರಿಸಿದ್ದರು. ಹುಗ್ಗಿ ಮಾಡಬೇಕಾದ ಅಡುಗೆಯ ಗದ್ದೆಮ್ಮ ಹಿಂದಿನ ಸಂಜೆಯೇ ಕಣ್ಣು ಮುಚ್ಚಿದ್ದಳು. ಸಾವು ಯಾರ ಹಬ್ಬ ನೋಡಿ ಬರುತ್ತದೆ?

ಹೆಣದ ಬಳಿ ಸೂಲಗಿತ್ತಿ ಜಮೀಲಾಬೀ ಕೂತಿದ್ದಳು, ಗದ್ದೆಮ್ಮನ ಹಳೆಯ ಗೆಳತಿ. ತೋರಣ ನೋಡಿ ಕೇಳಿದಳು, "ಇದೇನ್ರಿ ಅಮ್ಮಾರ?"

"ನಮ್ಮ ಸಿಸ್ಟರುಗಳು ಈ ಊರಿಗೆ ಬಂದ ದಿನ."

"ಇವತ್ತಲ್ರಿ. ಅವ್ರು ಬಂದಾಗ ದೀಪಾವಳಿ ಮುಗದು ವಾರಾಗಿತ್ತು. ಬಂಡಿ ಮುಂದ ನಿಂತು ನಾನೇ ನೀರು ಕೊಟ್ಟೀನಿ."

"ಆ ವರ್ಷ ಸೀಗಿ ಹುಣ್ಣಿಮೆಯ ಮರುದಿನ ಎಂದು ಗದ್ದೆಮ್ಮನೇ ಹೇಳಿದ್ದಳು."

ಜಮೀಲಾಬೀ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಆಮೇಲೆ ಮೆಲ್ಲಗೆ ಹೇಳಿದಳು, "ಯಾ ಅಲ್ಲಾ. ಅದು ಆಕಿ ಕೂಸು ಸತ್ತ ದಿನ ರೀ. ಜ್ವರದ ಬ್ಯಾನಿ ಬಂದಿತ್ತಲ್ಲ, ಆ ವರ್ಷ."

* * *

ಕಾನ್ವೆಂಟಿನಲ್ಲಿ ಒಂದು ನೆನಪಿನ ಪುಸ್ತಕವಿತ್ತು. ಯಾವ ದಿನ ಯಾವ ಸಿಸ್ಟರ್ ತೀರಿಕೊಂಡರು, ಏನು ನಡೆಯಿತು ಎಂಬುದನ್ನು ತಾರೀಖಿನ ಕೆಳಗೆ ಬರೆದು, ಮಧ್ಯಾಹ್ನದ ಊಟಕ್ಕೆ ಮೊದಲು ಗಟ್ಟಿಯಾಗಿ ಓದುತ್ತಿದ್ದರು. ಇಪ್ಪತ್ತು ವರ್ಷದ ಹಿಂದೆ, ಆಗಷ್ಟೇ ತಾನು ಜ್ಞಾನಸ್ನಾನ ಪಡೆದಿದ್ದ ಗದ್ದೆಮ್ಮ ಅದನ್ನು ಕೇಳುತ್ತ ನಿಂತವಳು ಮದರ್ ಹತ್ತಿರ ಬಂದಿದ್ದಳು.

"ನನ್ನ ಕೂಸಿಂದೂ ಒಂದಿನ ಓದ್ರಿ ಅಮ್ಮಾರ. ಒಂದು ಪೂಜಿ ಮಾಡಿಸ್ರಿ."

"ಹೆಸರೇನು?"

"ಹನ್ನೆರಡನೇ ದಿನಕ್ಕ ಇಡೋರಿದ್ವಿ. ಹನ್ನೊಂದಕ್ಕ ಹೋತು."

"ಹೆಸರಿಲ್ಲ, ಜ್ಞಾನಸ್ನಾನವೂ ಇಲ್ಲ. ಏನೆಂದು ಓದಲಿ, ಗದ್ದೆಮ್ಮ?"

ಆಕೆ ಮತ್ತೆ ಕೇಳಲಿಲ್ಲ. ಆ ಮಳೆಗಾಲ ಪುಸ್ತಕವನ್ನು ಗೆದ್ದಲು ತಿಂದಿತು. ಮೊದಲು ಬಂದ ಮೂವರು ಸಿಸ್ಟರುಗಳೂ ಅಷ್ಟರಲ್ಲಿ ಮಣ್ಣು ಸೇರಿದ್ದರು. ಕಾನ್ವೆಂಟಿನೊಳಗೆ ಅವರು ಬಂದ ದಿನ ಗೊತ್ತಿದ್ದವಳು ಗದ್ದೆಮ್ಮ ಒಬ್ಬಳೇ. ಆಕೆ ಹೇಳಿದಳು, ಮದರ್ ಹಳೆಯ ಪಂಚಾಂಗ ತೆಗೆದು ಹೊಸ ಪುಸ್ತಕದಲ್ಲಿ ಅಕ್ಟೋಬರ್ ಇಪ್ಪತ್ತು ಎಂದು ಬರೆದರು.

ಅಂದಿನಿಂದ ಪ್ರತಿವರ್ಷ ಆ ದಿನ ಗಂಟೆ, ಹಾಡಿನ ಪೂಜೆ, ಹುಗ್ಗಿ. ಗದ್ದೆಮ್ಮ ಮಾತ್ರ ಹುಗ್ಗಿ ಬಾಯಿಗಿಡುತ್ತಿರಲಿಲ್ಲ. ಒಂದು ಬಟ್ಟಲು ಹಿಡಿದು ಸಮಾಧಿಭೂಮಿಯ ಬೇಲಿಯಾಚೆ ಹೋಗುತ್ತಿದ್ದಳು. ಕಾಗೆಗೆ ಹಾಕುತ್ತಾಳೆ ಎಂದು ಸಿಸ್ಟರುಗಳು ನಗುತ್ತಿದ್ದರು. ಮದರ್ ಕೂಡ ನಕ್ಕಿದ್ದರು.

* * *

ಮದರ್ ಪುಸ್ತಕ ತೆರೆದು, ತಾರೀಖು ತಿದ್ದಲು ಮಸಿಯಲ್ಲಿ ಲೇಖನಿ ಅದ್ದಿದರು. ಮೊದಲು ಸಿಟ್ಟು ಬಂತು. ಆಮೇಲೆ ನಾಚಿಕೆ. ಬರೆಯದೆ ಪುಸ್ತಕ ಮುಚ್ಚಿ ಸಮಾಧಿಭೂಮಿಯ ಕಡೆ ನಡೆದರು.

ಬೇಲಿಯಾಚೆ, ಗುಂಡಿಯಿಂದ ಎರಡೇ ಮೊಳ ದೂರದಲ್ಲಿ, ಅಂಗೈಯಗಲದ ಚಪ್ಪಟೆ ಕಲ್ಲೊಂದಿತ್ತು. ಅದರ ಮೇಲೆ ಬಟ್ಟಲಿಟ್ಟು ಇಟ್ಟು ಉಂಟಾದ ಕಂದು ಗುರುತು.

"ಆದಪ್ಪ, ಬೇಲಿ ಕೀಳು."

"ಯಾಕ್ರಿ? ಜ್ಞಾನಸ್ನಾನ ಇಲ್ದವ್ರು ಹೊರಗಿರಬೇಕಂತ ನೀವೇ ಹಾಕಿಸಿದ್ರಲ್ರಿ."

"ನಾನೇ ಹಾಕಿಸಿದ್ದು. ಆ ಕಲ್ಲಿನಾಚೆಗೆ ಹಾಕು."

"ಪಾದ್ರಿಗಳು ಕೇಳಿದ್ರ?"

"ನನ್ನನ್ನು ಕೇಳಲಿ."

ಆದಪ್ಪ ಒಬ್ಬನ ಕೈಲಿ ಆಗದೆ ಮದರ್ ತಾವೂ ಜಾಲಿಮುಳ್ಳು ಎಳೆದರು. ತೋಳಿಗೆ ಮುಳ್ಳು ಗೀರಿ ರಕ್ತ ಬಂತು. ಹೆಣ ಹೊತ್ತವರು ಬರುವಷ್ಟರಲ್ಲಿ ಕೆಲಸ ಮುಗಿದಿತ್ತು. ಮೂರು ಕಡೆ ನೆಟ್ಟಗಿದ್ದ ಬೇಲಿ ಆ ಒಂದು ಕಡೆ ಮಾತ್ರ, ದಿನ ತುಂಬಿದ ಬಸುರಿಯ ಹೊಟ್ಟೆಯಂತೆ, ಹೊರಗೆ ಉಬ್ಬಿಕೊಂಡಿತ್ತು.