ಬಳ್ಳಿಯ ರಕ್ತ

"ಇದು ನಮ್ಮದಲ್ಲ. ಚೀಲ ಅದಲು ಬದಲಾಗಿದೆ. ನಾನು ಸಹಿ ಹಾಕಲ್ಲ," ಎಂದ ದರ್ಜಿ.

ಆಪರೇಷನ್ ಕೋಣೆಯ ಬಾಗಿಲಲ್ಲಿ ನಿಂತಿದ್ದ ನರ್ಸ್ ಕೈಯಲ್ಲಿ ಅಂಗೈಯಗಲದ ರಕ್ತದ ಚೀಲವೂ ಒಪ್ಪಿಗೆ ಪತ್ರವೂ ಇದ್ದವು. ಒಳಗಿದ್ದವಳು ಬೆಳಿಗ್ಗೆಯಷ್ಟೇ ಹುಟ್ಟಿದ ಅವನ ಮಗಳು; ಕರುಳನ್ನು ಹೊಟ್ಟೆಯ ಹೊರಗೇ ಇಟ್ಟುಕೊಂಡು ಬಂದವಳು. ಅದನ್ನು ಒಳಗೆ ಸೇರಿಸಿ ಹೊಲಿಯಬೇಕಿತ್ತು. ಹೊಲಿಗೆಯವನ ಮಗಳಿಗೇ ಹೀಗಾಗಬೇಕೇ ಎಂದು ಅವನು ಯಾರ್ಯಾರನ್ನೋ ಶಪಿಸಿದ್ದ. ರಕ್ತ ಬೇಕಾದರೆ ತಡವಾಗದಿರಲಿ ಎಂದು ಅಂಗಿಯ ಎಡತೋಳನ್ನು ಮೊಣಕೈ ಮೇಲಕ್ಕೆ ಮಡಚಿಕೊಂಡೇ ಓಡಾಡುತ್ತಿದ್ದ. ಅವನ ರಕ್ತವನ್ನು ಯಾರೂ ಕೇಳಿರಲಿಲ್ಲ.

"ಅಣ್ಣಾ, ಇದು ಹೊಕ್ಕುಳಬಳ್ಳೀದು. ಹೆರಿಗೆ ಆದ ತಕ್ಷಣ ತೆಗೆದಿಟ್ವಿ."

"ಬಳ್ಳಿ ಅಂದ್ರೆ ನನ್ನ ಹೆಂಡತೀದು. ಅವಳು ಬಿ ಗುಂಪು. ಇದರ ಮೇಲೆ ಓ ಅಂತಿದೆ. ನನಗೇನು ಓದೋಕೆ ಬರಲ್ವಾ?"

"ಬಳ್ಳಿಯೊಳಗೆ ಓಡೋದು ಮಗೂದೇ ರಕ್ತ. ತಾಯೀದಲ್ಲ."

ಒಂಬತ್ತು ತಿಂಗಳು ಅವಳೊಳಗೇ ಇದ್ದದ್ದು ಅವಳದ್ದಲ್ಲ ಎಂದರೆ? "ಹಾಗಾದ್ರೆ ಕೊಡೋರು ಯಾರು, ತಗೊಳ್ಳೋರು ಯಾರು?"

ನರ್ಸ್ ಗಡಿಯಾರ ನೋಡಿದಳು. ಅಂಗಡಿಯಿಂದ ಓಡಿಬಂದವನ ಕೊರಳಲ್ಲೇ ಉಳಿದಿದ್ದ ಅಳತೆ ಟೇಪು ನೋಡಿದಳು. "ಬಟ್ಟೆ ಹೊಲಿದ ಮೇಲೆ ಉಳಿದ ತುಂಡು ಏನ್ ಮಾಡ್ತೀರಾ?"

"ಗಿರಾಕಿಗೇ ಕೊಡ್ತೀನಿ. ಹರಿದ್ರೆ ತೇಪೆಗೆ ಬೇಕಲ್ಲ. ಬೇರೆ ಬಟ್ಟೆ ಹೊಂದಲ್ಲ..." ಹೇಳುತ್ತ ಹೇಳುತ್ತ ಅವನ ದನಿ ಇಳಿಯಿತು.

ಅರ್ಥವಾಯಿತೋ ಇಲ್ಲವೋ, ಪೆನ್ನು ತೆಗೆದುಕೊಂಡ. 'ರಕ್ತ ಕೊಟ್ಟವರಿಗೂ ರೋಗಿಗೂ ಸಂಬಂಧ' ಎಂಬಲ್ಲಿಗೆ ಬಂದು ತಡೆದ. 'ಮಗಳು' ಎಂದು ಬರೆದ. ಅದನ್ನು ಹೊಡೆದು 'ತಾನೇ' ಎಂದು ಬರೆದು, ಅದೂ ಸರಿಯೋ ತಪ್ಪೋ ತಿಳಿಯದೆ ಸಹಿ ಹಾಕಿದ.

ಮಧ್ಯಾಹ್ನದ ಹೊತ್ತಿಗೆ ಹೊಲಿಗೆ ಮುಗಿಯಿತು, ಮಗು ಉಸಿರಾಡುತ್ತಿದೆ, ಚೆನ್ನಾಗಿದೆ ಎಂದರು ಡಾಕ್ಟರು. ವಾರ್ಡಿನಲ್ಲಿ ಹೆಂಡತಿ ಜೀವ ಕೈಯಲ್ಲಿ ಹಿಡಿದುಕೊಂಡು ಮಲಗಿದ್ದಳು. ಸುದ್ದಿ ಕೇಳಿ ಅವನ ತೋಳು ನೋಡಿದಳು.

"ರಕ್ತ ಯಾರದು ಕೊಟ್ರು? ನಿಮ್ದಾ?"

"ಇಲ್ಲ ಕಣೇ. ಅವಳದ್ದೇ."

"ಅವಳದ್ದೇನಾ?" ಅವಳು ಅವನ ಮುಖವನ್ನೇ ನೋಡಿದಳು. "ಹುಟ್ಟಿ ಒಂದು ದಿನ ಆಗಿಲ್ಲ, ಆಗ್ಲೇ ಯಾರ ಹಂಗೂ ಬೇಡ ಅಂದ್ಬಿಟ್ಲಾ?"

ನಗುತ್ತಿದ್ದಾಳೋ ಅಳುತ್ತಿದ್ದಾಳೋ ಅವನಿಗೆ ತಿಳಿಯಲಿಲ್ಲ. ಮಂಚದ ಅಂಚಿನಲ್ಲಿ ಕುಳಿತು, ಬೆಳಗಿನಿಂದ ಮಡಚಿದ್ದ ತೋಳನ್ನು ಒಂದೊಂದೇ ಮಡಿಕೆ ಬಿಚ್ಚಿ ಕೆಳಗಿಳಿಸಿದ.