ಎರಡೂ ಕೈ ಕಾಣುವ ಹಾಗೆ

"ಕ್ರಿಕೆಟ್ ಹಚ್ಚು," ಎಂದ ಪೀರಪ್ಪ, ರಿಮೋಟನ್ನು ಬಾಯಿಯ ಹತ್ತಿರ ಹಿಡಿದು. ಅವನ ಯಾದಗಿರಿ ಕಡೆಯ 'ಹಚ್ಚು' ಟಿವಿಗೆ ತಿಳಿಯಲಿಲ್ಲ. ಅಂಗಡಿಯ ಅಸ್ಗರ್, 'ಹಾಕು' ಅಂತ ಹೇಳಿ ನೋಡಿ ಎಂದ. ಎರಡನೇ ಸಲಕ್ಕೆ ಹಸಿರು ಮೈದಾನ ಗೋಡೆಯಗಲ ತೆರೆದುಕೊಂಡಿತು. ಪೀರಪ್ಪನ ಮುಖವೂ ಅರಳಿತು.

ಶಿವಾಜಿನಗರದ ಬಸ್ ನಿಲ್ದಾಣದ ಹಿಂದಿನ ಆ ಅಂಗಡಿಗೆ ಗಂಡ ಹೆಂಡತಿ ಬಂದು ಒಂದು ತಾಸಾಗಿತ್ತು. ಪೀರಪ್ಪ ಬಾಣಸವಾಡಿಯಲ್ಲಿ ಬಾಡಿಗೆ ಕೋಣೆ ಹಿಡಿದು, ಹೊಸ ಮನೆಗಳಿಗೆ ಟೈಲ್ಸ್ ಹಾಕುವವನು. ಟೈಲ್ಸ್ ನೋಡುವ ಕಣ್ಣಲ್ಲೇ ಟಿವಿಗಳನ್ನೂ ಹೋಲಿಸಿದ್ದ. ಇದರಲ್ಲಿ ಕಪ್ಪು ಕಪ್ಪಾಗಿಯೇ ಇದೆ, ಪಕ್ಕದ್ದರಲ್ಲಿ ಬೂದಿಯಾಗಿದೆ. ಮಗ್ಗುಲಿಗೆ ನಿಂತರೆ ಅದು ಮಂಕಾಗುತ್ತದೆ, ಇದು ಆಗುವುದಿಲ್ಲ. ಮಾತು ಕೇಳುವ ಈ ದೊಡ್ಡ ಟಿವಿಯೇ ಇರಲಿ ಎಂದು ಅವನ ಮನಸ್ಸಿನಲ್ಲಿ ಆಗಲೇ ನಿಶ್ಚಯವಾಗಿತ್ತು.

ಸಾಬಮ್ಮ ಮಾತ್ರ ಪ್ರತಿ ಟಿವಿಯ ಮುಂದೆಯೂ ಒಂದೇ ಪ್ರಶ್ನೆ ಕೇಳಿದ್ದಳು. "ಇದರಾಗ ನಾವು ಆಕಿಗಿ ಕಾಣ್ತೀವೇನ್ರಿ?"

ಆಕಿ ಅಂದರೆ ಯಾರು ಎಂದು ಅಸ್ಗರ್ ಕೊನೆಗೆ ವಿಚಾರಿಸಿದ. ಅವರ ಮಗಳು ಉಮಾಶ್ರೀ. ಹುಟ್ಟಿನಿಂದ ಕಿವಿ ಕೇಳದು. ಹದಿನೇಳು ವರ್ಷ ತಾಯಿಯನ್ನು ಬಿಟ್ಟಿರದ ಹುಡುಗಿ, ಈ ಜೂನ್‌ನಿಂದ ಮೈಸೂರಿನ ಹಾಸ್ಟೆಲಿನಲ್ಲಿದ್ದು ಡಿಪ್ಲೊಮಾ ಓದುತ್ತಿದ್ದಳು. ಸಾಬಮ್ಮನಿಗೆ ಓದು ಬಾರದು, ಮೆಸೇಜಿನ ಮಾತೇ ಇಲ್ಲ. ತಾಯಿ ಮಗಳ ಮಾತೆಲ್ಲ ಕೈಸನ್ನೆಯಲ್ಲೇ. ಫೋನಿನಲ್ಲಿ ವಿಡಿಯೋ ಕಾಲ್ ಮಾಡಿದರೆ, ಅಂಗೈಯಗಲದ ಪರದೆಯಲ್ಲಿ ಮಗಳ ಬೆರಳುಗಳು ಸರಿಯಾಗಿ ಕಾಣುತ್ತಿರಲಿಲ್ಲ. ಹೋದ ತಿಂಗಳು ಅವಳು ಜ್ವರ ಅಂದದ್ದನ್ನು ತಾಯಿ ಬಿಸಿಲು ಎಂದುಕೊಂಡಿದ್ದಳು. ನಿಜ ತಿಳಿದದ್ದು ಮೂರು ದಿನದ ಮೇಲೆ, ವಾರ್ಡನ್ ಫೋನ್ ಮಾಡಿದಾಗ.

"ಒಂದ್ ಕೈಯಾಗ ಫೋನ್ ಹಿಡದ್ರ, ಇನ್ನೊಂದ್ ಕೈಲೆ ಅರ್ಧಾ ಮಾತ್ ಆಗ್ತದ್ರಿ," ಎಂದಳು ಸಾಬಮ್ಮ. "ಉಳಿದಿದ್ದು ಹೊಟ್ಟ್ಯಾಗೇ ಉಳಿತದ."

ಅಸ್ಗರ್ ಅವರನ್ನು ಮೂಲೆಯ ಚಿಕ್ಕ ಟಿವಿಯ ಹತ್ತಿರ ಕರೆದೊಯ್ದ. ಅದರ ನೆತ್ತಿಯ ಮೇಲೆ, ದೊಡ್ಡ ಟಿವಿಗೆ ಇಲ್ಲದ ಪುಟ್ಟ ಕ್ಯಾಮೆರಾ ಇತ್ತು. ಬಣ್ಣ ಸಪ್ಪೆ, ಮಾತೂ ಕೇಳುವುದಿಲ್ಲ ಎಂದು ಪೀರಪ್ಪ ಗೊಣಗಿದ.

"ಈಗ್ಲೇ ಒಂದು ಕಾಲ್ ಮಾಡಿ ನೋಡೋಣ ಅಣ್ಣಾ. ಆಮೇಲೆ ನಿಮ್ಮಿಷ್ಟ," ಎಂದ ಅಸ್ಗರ್.

ಉಮಾಶ್ರೀ ಪರದೆಯ ಮೇಲೆ ಬಂದಳು. ಫೋನನ್ನು ಕಿಟಕಿಗೆ ಒರಗಿಸಿಟ್ಟು ಹಿಂದೆ ಸರಿದಾಗ ಸೊಂಟದವರೆಗೂ ಕಂಡಳು. ಸಾಬಮ್ಮ ಕೈಚೀಲ ಕೆಳಗಿಟ್ಟಳು. ಆಮೇಲೆ ಇಬ್ಬರ ಕೈಗಳೂ ನಿಲ್ಲಲಿಲ್ಲ. ಮಗಳು ಯಾರನ್ನೋ ಅಣಕಿಸಿದಳು, ತಾಯಿ ಬಾಯಿಗೆ ಸೆರಗು ಹಿಡಿದು ನಕ್ಕಳು. ಫ್ರಿಜ್ ನೋಡಲು ಬಂದಿದ್ದ ಇಬ್ಬರು ಹೆಂಗಸರು ಅಲ್ಲೇ ನಿಂತರು. ಪೀರಪ್ಪನಿಗೆ ಉಣ್ಣು, ಬಾ, ಸಾಕು ಇಷ್ಟೇ ತಿಳಿಯುತ್ತಿದ್ದದ್ದು. ಮಗಳು ಇಷ್ಟು ಮಾತಾಡುವವಳು ಎಂಬುದೇ ಅವನಿಗೆ ಗೊತ್ತಿರಲಿಲ್ಲ.

ಉಮಾಶ್ರೀ ಅವನ ಕಡೆ ತಿರುಗಿ ನಿಧಾನವಾಗಿ ಏನೋ ಕೇಳಿದಳು. ಅವನು ಎಂದಿನಂತೆ ಹೆಂಡತಿಯ ಮುಖ ನೋಡಿದ.

"ಏನಂತಾಳ?"

"ನಿಮಗs ಕೇಳ್ಲಾಕತ್ತಾಳ. ನೀವs ನೋಡ್ರಿ."

ಮಗಳು ಮತ್ತೆ ಕೇಳಿದಳು. ಈ ಸಲ ಬಗ್ಗಿ ತನ್ನ ಮೊಣಕಾಲು ಒತ್ತಿಕೊಂಡು, ಹುಬ್ಬೇರಿಸಿ. ದಿನವಿಡೀ ಕುಕ್ಕರಗಾಲಿನಲ್ಲಿ ಕೂತು ಮೊಣಕಾಲು ಹಿಡಿದುಕೊಳ್ಳುವುದನ್ನು ಪೀರಪ್ಪ ಯಾರಿಗೂ ಹೇಳಿರಲಿಲ್ಲ. ಇಲ್ಲ ಎಂದು ತಲೆಯಾಡಿಸಿದ. ಅವಳು ನಂಬಲಿಲ್ಲ. ಕೊನೆಗೆ ಬೆರಳುಗಳ ನಡುವೆ ಒಂದಿಷ್ಟು ಜಾಗ ಬಿಟ್ಟು, ಇಷ್ಟು ನೋವು ಎಂದು ತೋರಿಸಿದ.

ಇದನ್ನೇ ಕೊಡಿ ಎಂದು ಅವನು ಅಸ್ಗರ್‌ಗೆ ಹೇಳಿದ. ಅಸ್ಗರ್ ಡಬ್ಬ ತರಲು ಒಳಗೆ ಹೋದ. ಕರೆ ಇನ್ನೂ ನಡೆದಿತ್ತು. ನೋವು ಅನ್ನುವುದಕ್ಕೆ ಸನ್ನೆ ಹೇಗೆ ಎಂದು ಉಮಾಶ್ರೀ ಅಪ್ಪನಿಗೆ ತೋರಿಸಿಕೊಟ್ಟಳು. ಅವನು ಮಾಡಿದ. ಅವಳು ಹಾಗಲ್ಲ ಎಂದು ತಲೆಯಾಡಿಸಿ ಪರದೆಯ ಹತ್ತಿರ ಬಂದು, ತನ್ನ ಹೆಬ್ಬೆರಳು ಮುಟ್ಟಿ ತೋರಿಸಿದಳು. ಸಿಮೆಂಟು ತಿಂದು ಒರಟಾದ ತನ್ನ ಹೆಬ್ಬೆರಳನ್ನು ಪೀರಪ್ಪ ಸ್ವಲ್ಪ ಒಳಕ್ಕೆ ಮಡಚಿ, ಮತ್ತೆ ಕೈ ಎತ್ತಿದ.