ಕಣಗಿಲೆಯ ಪತಂಗ

ರಾಫೆಲ್ ಫ್ಲೋರಿಡಾದಿಂದ ತಂದಿದ್ದ ಗಾಜಿನ ಪೆಟ್ಟಿಗೆಯಲ್ಲಿ ಒಂದು ಪತಂಗವಿತ್ತು. ಕಡುನೀಲಿ ರೆಕ್ಕೆ, ಮೇಲೆ ಬಿಳಿ ಬೊಟ್ಟುಗಳು, ಬಾಲದ ತುದಿ ಕೆಂಪು. ಕೊಲ್ಲಿ ನಾಡಿನ ಅಲ್ ಗರಾಫಾದ ಆ ಕಾಂಪೌಂಡಿನ ಮಕ್ಕಳೆಲ್ಲ ಮುತ್ತಿಕೊಂಡಿದ್ದರು.

"ಕಣಜದ ಹುಳ ಅಲ್ಲ ಮಾರಾಯ್ತಿ, ಪತಂಗ. ಹಗಲಲ್ಲೇ ಹಾರುವುದು," ಎಂದು ಅವನು ಪಕ್ಕದ ಮನೆಯ ಸೀಮಾಳ ಮಗಳು ಶಿಲ್ಪಶ್ರೀಗೆ ಹೇಳಿದ. "ನಿಮ್ಮ ಗೇಟಿನ ಹತ್ರ ಕಣಗಿಲೆ ಉಂಟಲ್ಲ, ಇದರ ಹುಳ ಅದರ ಎಲೆ ತಿಂದೇ ಇಷ್ಟು ಚಂದ ಆಗುವುದು. ಅದಕ್ಕೆ ವಿಷ ತಾಗುವುದಿಲ್ಲ."

ಮರುದಿನ ಬೆಳಿಗ್ಗೆ ಸೀಮಾ ಇಷ್ಟಲಿಂಗ ಪೂಜೆ ಮುಗಿಸಿ, ಎಂದಿನಂತೆ ಒಂದು ಕಣಗಿಲೆ ಹೂವನ್ನು ಮಗಳ ಕಣ್ಣಿಗೊತ್ತಿ, ಮುಡಿದುಕೊಳ್ಳಲೆಂದು ಕೈಗಿಟ್ಟು ಒಳಗೆ ಹೋದಳು. ಒಲೆ ಆರಿಸಿ ಬರುವಷ್ಟರಲ್ಲಿ ಮಗಳ ತುಟಿಗೆ ಕೆಂಪು ಎಸಳೊಂದು ಅಂಟಿಕೊಂಡಿತ್ತು.

"ಹೂ ಎಲ್ಲೈತಿ?"

"ತಿಂದೆ. ಗೇಟಿನ ಹತ್ರ ಎಲೀನೂ ತಿಂದೆ. ಬಟರ್‌ಫ್ಲೈ ಆಗ್ತೀನಿ."

"ಉಗುಳವ್ವಾ! ಉಗುಳು!"

"ಭಾಳ ಕಹಿ ಇತ್ತು ಮಮ್ಮಿ. ಆದ್ರ ಪ್ರಸಾದ ಉಗುಳಬಾರ್ದು ಅಂತ ನೀನ ಹೇಳಿದ್ದಿ. ನುಂಗಿಬಿಟ್ಟೆ."

ಊರಿನ ಬೇಲಿಯಲ್ಲಿ ಆಡೂ ಬಾಯಿ ಹಾಕದ ಗಿಡವದು ಎಂದು ಸೀಮಾಳಿಗೆ ಗೊತ್ತಿತ್ತು. ದೇವರಿಗೆ ಏರಿಸಿದೊಡನೆ ದಿನವೂ ಅದು ಮರೆತುಹೋಗುತ್ತಿತ್ತು, ಅಷ್ಟೆ.

ಗಂಡ ಬಸವಲಿಂಗ ಸಮುದ್ರದ ನಡುವಿನ ಎಣ್ಣೆಬಾವಿಯ ರಿಗ್ಗಿನಲ್ಲಿ ಕೆಲಸದಲ್ಲಿದ್ದ. ಬರಿಗಾಲಲ್ಲಿ ಓಡಿ ಅವಳು ರಾಫೆಲ್‌ನ ಬಾಗಿಲು ಬಡಿದಳು. ಕಾರಿನಲ್ಲಿ ಮಗು ವಾಂತಿ ಮಾಡಿಕೊಂಡು ತೂಕಡಿಸತೊಡಗಿತು.

"ನಾನ್ಯಾಕೆ ಆ ಹುಳದ ಕತೆ ಹೇಳ್ಲಿಕ್ಕೆ ಹೋದೆ ಸೀಮಕ್ಕ!"

"ಗಾಡಿ ಓಡಸ್ರಿ ಅಣ್ಣಾ. ಮಾತು ಬ್ಯಾಡ."

ಆಸ್ಪತ್ರೆಯಲ್ಲಿ ಮಗುವಿನ ಎದೆಗೆ ತಂತಿ ಅಂಟಿಸಿದರು. ಪರದೆಯ ಮೇಲಿನ ಹಸಿರು ಗೆರೆ ಒಮ್ಮೆ ಏಳುತ್ತಿತ್ತು, ಮತ್ತೆ ಏಳಲು ತಡಮಾಡುತ್ತಿತ್ತು. ನರ್ಸ್ ಇದ್ದಿಲ ಪುಡಿ ಕಲಸಿದ ಕರಿ ನೀರು ತಂದಳು. ಹೊಟ್ಟೆಯಲ್ಲಿರುವ ವಿಷವನ್ನು ಅದು ಹೀರಬೇಕಂತೆ. ಶಿಲ್ಪಶ್ರೀ ಹಲ್ಲು ಕಚ್ಚಿಕೊಂಡಳು. ಹಾಕಿದ ಗುಟುಕನ್ನೂ ಉಗುಳಿದಳು. ಹೀಗಾದರೆ ಮೂಗಿನಿಂದ ನಳಿಗೆ ಇಳಿಸಬೇಕಾಗುತ್ತದೆ ಎಂದರು ಡಾಕ್ಟರು.

ಸೀಮಾ ಲೋಟವನ್ನು ಕೈಗೆ ತೆಗೆದುಕೊಂಡಳು. ಅದನ್ನು ಮಗಳ ಎರಡೂ ಕಣ್ಣಿಗೆ ಒತ್ತಿದಳು.

"ಪ್ರಸಾದ. ತಗೋ."

ಮಗು ಅನುಮಾನದಿಂದ ನೋಡಿತು. "ಉಗುಳಬಾರ್ದಾ?"

"ಉಗುಳಬಾರ್ದು."

ಶಿಲ್ಪಶ್ರೀ ಕಣ್ಣು ಮುಚ್ಚಿ ತಳದವರೆಗೂ ಕುಡಿದಳು.

ಆಮೇಲೆ ಸೀಮಾ ಪರದೆಯ ಕಡೆ ನೋಡಲಿಲ್ಲ. ಬಿಟ್ಟರೆ ನಾಡಿ ನಿಂತೇಹೋದೀತೆಂಬಂತೆ ಮಗಳ ಮಣಿಕಟ್ಟು ಹಿಡಿದು ಕುಳಿತಳು. ಕಿಟಕಿಯ ಬಿಸಿಲು ಸರಿದು ಗೋಡೆ ಹತ್ತಿತು.

"ಮಮ್ಮಿ," ಕರಿ ತುಟಿಗಳು ಗೊಣಗಿದವು, "ಬಿಗಿ ಹಿಡೀಬ್ಯಾಡ. ಕೈ ನೋಯ್ತೈತಿ."